ದೂರಕ್ಕೂ ಕಾಣುವ ಬಣ್ಣ

ಗುರುವಾರ, ಮಧ್ಯಾಹ್ನ
ವ್ಯಾನಿನ ನೆರಳಿನಿಂದ

ಪ್ರೀತಿಯ ಅಮ್ಮ,

ಮೊದಲೇ ಹೇಳಿಬಿಡುತ್ತೇನೆ, ನಿನ್ನ ಮೊಮ್ಮಗಳು ಚೆನ್ನಾಗಿದ್ದಾಳೆ. ಇದನ್ನು ಕೊನೆಗೆ ಬರೆದರೆ ನೀನು ನಡುವಿನದನ್ನೆಲ್ಲ ಓದದೆ ಹಾರಿಸಿಕೊಂಡು ಅಲ್ಲಿಗೇ ಹೋಗುತ್ತೀಯ ಎಂದು ಗೊತ್ತು. ಜ್ವರವಿಲ್ಲ, ಶೀತವಿಲ್ಲ, ಮೈಮೇಲೆ ಗುಳ್ಳೆಗಳಿಲ್ಲ. ಮರಳು ಮಾತ್ರ ಕಿವಿಯಿಂದ ಹಿಡಿದು ಕಾಲ್ಬೆರಳ ಸಂದಿಯವರೆಗೂ ಇದೆ. ಇನ್ನು ನಿನ್ನ ಮೊಣಕಾಲು ಹೇಗಿದೆ? ಮಿಷಿನ್ ತುಳಿಯುವುದನ್ನು ಸ್ವಲ್ಪ ಕಡಿಮೆ ಮಾಡಿದ್ದೀಯಾ, ಇಲ್ಲ ಶಾಲೆ ಶುರುವಾಗುತ್ತೆ, ಯೂನಿಫಾರಂ ಕೊಡಬೇಕು ಎಂದು ಇನ್ನೂ ಜಾಸ್ತಿ ಮಾಡಿದ್ದೀಯಾ?

ಮುಟ್ಟಿದ ದಿನವೇ ಬರೆಯುತ್ತೇನೆ ಎಂದು ಮಾತು ಕೊಟ್ಟಿದ್ದೆ. ಬೈಯಬೇಡ. ಡಾಂಬರು ರಸ್ತೆ ಮುಗಿದ ಮೇಲೆ ಫೋನು ಬರೀ ಗಡಿಯಾರವಾಗಿಬಿಟ್ಟಿತು. ಇಲ್ಲಿಗೆ ನೀರಿನ ಟ್ಯಾಂಕರ್ ಬರುತ್ತದೆ, ಅದರ ಡ್ರೈವರಿಗೆ ಕಾಗದ ಕೊಟ್ಟರೆ ಪಟ್ಟಣದಲ್ಲಿ ಅಂಚೆಗೆ ಹಾಕುತ್ತಾನಂತೆ. ಯಾವಾಗ ಬರುತ್ತಾನೆ ಎಂದು ಇಲ್ಲಿನ ಮೀನುಗಾರರನ್ನು ಕೇಳಿದರೆ "ನೀರು ಮುಗಿದಾಗ" ಎನ್ನುತ್ತಾರೆ. ಇನ್ನೂ ಮುಗಿದಿಲ್ಲ.

ಈ ಜಾಗ ಹೇಗಿದೆ ಅಂದರೆ, ಏನೂ ಇಲ್ಲ ಅಮ್ಮ. ನಿಜವಾಗಿಯೂ ಏನೂ ಇಲ್ಲ. ಹಿಂದೆ ಮರಳುಗಾಡು, ಮುಂದೆ ಸಮುದ್ರ, ನಡುವೆ ಮೀನುಗಾರರ ಒಂದೆರಡು ಗುಡಿಸಲು, ನಾವು ಮತ್ತು ನಮ್ಮ ಫ್ರಿಜ್ ರಿಪೇರಿ ವ್ಯಾನು. ಗ್ಯಾಸಿನ ಸಿಲಿಂಡರುಗಳನ್ನೆಲ್ಲ ಅಂಗಡಿಯಲ್ಲಿ ಇಳಿಸಿ, ಆ ಜಾಗದಲ್ಲಿ ಹಾಸಿಗೆ ಹಾಕಿದ್ದೇವೆ. ಎಷ್ಟು ತೊಳೆದರೂ ತಾಮ್ರದ ಪೈಪಿನ ವಾಸನೆ ಹೋಗಿಲ್ಲ. ಬಾಡಿಗೆ ಕೊಡಲು ಹೋಟೆಲೂ ಇಲ್ಲ, ಕೊಡಲು ನಮ್ಮ ಹತ್ತಿರ ಬಾಡಿಗೆಯೂ ಇಲ್ಲ, ಹಾಗಾಗಿ ಜಾಗಕ್ಕೂ ನಮಗೂ ಚೆನ್ನಾಗಿ ಹೊಂದಿಕೆಯಾಗಿದೆ. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಆಲೂಗಡ್ಡೆ, ಟೀ. ಮತ್ತೆ ಆಲೂಗಡ್ಡೆ. ಟ್ಯಾಂಕರಿನ ನೀರನ್ನು ನಾನು ಎರಡು ಸಲ ಕುದಿಸಿ, ಲೋಟವನ್ನು ಬೆಳಕಿಗೆ ಹಿಡಿದು ನೋಡಿಯೇ ಕುಡಿಸುವುದು. "ಲ್ಯಾಬಿಗೆ ರಜೆ ಹಾಕಿದ್ದೀಯೋ, ಲ್ಯಾಬನ್ನೇ ತಂದಿದ್ದೀಯೋ?" ಎನ್ನುತ್ತಾನೆ ನಿನ್ನ ಅಳಿಯ. (ಗಂಡನನ್ನು ಅವನು ಇವನು ಅನ್ನಬೇಡ ಎಂದು ನೀನು ಹೇಳಿ ಹೇಳಿ ಸೋತೆ, ನನಗೆ ಕಾಲೇಜಿನ ರೂಢಿ ತಪ್ಪಿಲ್ಲ.)

ಜೊತೆಗೆ ಬಂದಿರುವವನು ಕತ್ತರಿ ಒಬ್ಬನೇ. ನೆನಪಿದೆಯಲ್ಲ, ನಮ್ಮ ಬೀದಿಯ ಕೊನೆಯಲ್ಲಿ ಕಟಿಂಗ್ ಅಂಗಡಿ ಇಟ್ಟಿರುವವನು, ನಮ್ಮ ಮದುವೆಯಲ್ಲಿ ಎಲ್ಲರಿಗಿಂತ ಜಾಸ್ತಿ ಕುಣಿದವನು. ಪೆಟ್ರೋಲಿಗೆ ಪಾಲು ಕೊಟ್ಟಿದ್ದಾನೆ, ತನ್ನ ಹಳೆಯ ಸರ್ಫ್ ಬೋರ್ಡನ್ನೂ ತಂದಿದ್ದಾನೆ. ಅದಕ್ಕೆ ಎಷ್ಟು ಕಡೆ ಟೇಪು ಸುತ್ತಿದ್ದಾನೆಂದರೆ ಆಸ್ಪತ್ರೆಯಿಂದ ಎತ್ತಿಕೊಂಡು ಬಂದಂತಿದೆ.

ನೀನು ಕೇಳಿದ್ದೆಯಲ್ಲ, "ಅಲೆ ಎಲ್ಲಾ ಕಡೆ ಒಂದೇ ಅಲ್ವಾ, ಅದಕ್ಕೆ ಅಷ್ಟು ದೂರ ಯಾಕೆ ಹೋಗ್ಬೇಕು?" ಒಂದೇ ಅಲ್ಲಮ್ಮ. ಇಲ್ಲಿ ನೆಲ ಮೂಗಿನ ಹಾಗೆ ಸಮುದ್ರದೊಳಕ್ಕೆ ಚಾಚಿಕೊಂಡಿದೆ. ದೂರದಲ್ಲೆಲ್ಲೋ ಎದ್ದ ಬಿರುಗಾಳಿಯ ಅಲೆ ಬಂದು ಮೂಗಿನ ತುದಿಗೆ ತಾಗುತ್ತದೆ. ಬೇರೆ ಕಡೆಯಂತೆ ಒಮ್ಮೆಗೇ ಧಡ್ ಎಂದು ಬೀಳುವುದಿಲ್ಲ. ನೀನು ಬಟ್ಟೆಯ ಸುರುಳಿಯನ್ನು ಮೇಜಿನ ಮೇಲೆ ಉರುಳಿಸುತ್ತೀಯಲ್ಲ, ಹಾಗೆ ಆ ಮೂಗಿನ ಪಕ್ಕದಲ್ಲೇ ಬಿಚ್ಚಿಕೊಳ್ಳುತ್ತಾ ಕೊಲ್ಲಿಯ ಕೊನೆಯವರೆಗೂ ಹೋಗುತ್ತದೆ. ಒಂದು ಅಲೆ ಹಿಡಿದರೆ ಅದು ನಿನ್ನನ್ನು ಎಲ್ಲಿಂದ ಎಲ್ಲಿಗೋ ಒಯ್ಯುತ್ತದೆ. ಆಮೇಲೆ ಬೋರ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ದಡದ ಗುಂಟ ನಡೆದು ವಾಪಸ್ ಬರಬೇಕು. ಇಲ್ಲಿನ ತಮಾಷೆ ಇದೇ. ಒಯ್ಯುವುದು ಮಾತ್ರ ಸಮುದ್ರದ ಕೆಲಸ, ಮರಳಿ ಬರುವುದು ನಮ್ಮ ಕಾಲಿನ ಕೆಲಸ.

ನನಗೆ ತೊಂದರೆ ಇರುವುದೂ ಅಲ್ಲೇ. ಬಂದಾಗಿನಿಂದ ನಾನು ಇನ್ನೂ ನೀರಿಗಿಳಿದಿಲ್ಲ.

ನಿನಗೆ ಗೊತ್ತು, ಡುಮ್ಮಿ ಹುಟ್ಟಿದಾಗಿನಿಂದ ನಾನು ಸರಿಯಾಗಿ ಮಲಗಿಲ್ಲ. ಅವಳು ಮಲಗುತ್ತಾಳೆ, ಪಾಪ, ಕೊರಡಿನ ಹಾಗೆ. ನಾನೇ ಎದ್ದು ಕೂತು ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತೇನೆ. ಉಸಿರು ತಾಗಿದರೂ ನಂಬಿಕೆ ಬರುವುದಿಲ್ಲ, ಅದು ಫ್ಯಾನಿನ ಗಾಳಿಯಾಗಿದ್ದರೆ ಎಂದು ಫ್ಯಾನು ಆರಿಸಿ ಮತ್ತೆ ನೋಡುತ್ತೇನೆ. ಡಾಕ್ಟರಮ್ಮ "ಮಗು ಚೆನ್ನಾಗಿದೆ, ನೀವು ಮಲಗಿ" ಎಂದರು, ನನಗೇನೋ ಆ ಉಪಾಯ ಹೊಳೆದಿರಲಿಲ್ಲ ಅನ್ನುವ ಹಾಗೆ. ಕೊನೆಗೆ ನಾನು ಒಲೆಯ ಮೇಲೆ ಖಾಲಿ ಪಾತ್ರೆ ಇಟ್ಟು ಅದನ್ನೇ ನೋಡುತ್ತಾ ನಿಂತಿದ್ದ ದಿನ ಇವನು ಒಲೆ ಆರಿಸಿ, "ನಡಿ, ಹೋಗೋಣ. ನೀನು ಒಂದು ಸಲ ಅಲೆ ಹಿಡಿದ್ರೆ ಸರಿಹೋಗ್ತೀಯ" ಎಂದ. ಫ್ರಿಜ್ಜನ್ನು ಆರಿಸಿ ಮತ್ತೆ ಹಚ್ಚಿದರೆ ಸರಿಹೋಗುತ್ತದಲ್ಲ, ಹಾಗೆ.

ನೀನು ಮೆಟ್ಟಿಲ ಮೇಲೆ ನಿಂತು, ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ ಕೂಗಾಡಿದ್ದು ಈಗಲೂ ಕಿವಿಯಲ್ಲಿದೆ. "ಎದೆಹಾಲು ಕುಡಿಯೋ ಕೂಸನ್ನ ಮರಳುಗಾಡಿಗೆ ಹೊತ್ಕೊಂಡು ಹೋಗ್ತೀರಾ? ಹಲಗೆ ಮೇಲೆ ಆಟ ಆಡೋಕೆ? ಇಬ್ಬರಿಗೂ ತಲೆ ಕೆಟ್ಟಿದೆಯಾ?" ಆಮೇಲೆ ನೀನೇ ದನಿ ತಗ್ಗಿಸಿ, "ಹೋಗೋದಾದ್ರೆ ಕರ್ಕೊಂಡೇ ಹೋಗು. ಬಿಟ್ಟು ಮಾತ್ರ ಎಲ್ಲಿಗೂ ಹೋಗ್ಬೇಡ" ಎಂದೆ. ಮುಖ ನೋಡದೆ ಎಂದೆ. ಹೊರಡುವ ದಿನ ನೀನೇ ಡುಮ್ಮಿಗೆ ಕೆಂಪು ಹೊದಿಕೆ ಹೊಲಿದು ತಂದುಕೊಟ್ಟೆ. ಇಷ್ಟು ಕೆಂಪು ಯಾಕಮ್ಮ ಎಂದು ಕೇಳಿದರೆ, ನಾನು ಚಿಕ್ಕವಳಿದ್ದಾಗ ನೀನು ಹೇಳುತ್ತಿದ್ದ ಮಾತನ್ನೇ ಮತ್ತೆ ಹೇಳಿದೆ. "ಕೆಂಪು ದೂರಕ್ಕೂ ಕಾಣುತ್ತೆ. ಕೂಸು ಎಲ್ಲಿದೆ ಅಂತ ಹುಡುಕೋ ಹಾಗಿರಬಾರದು."

ಈಗ ಆ ಹೊದಿಕೆಗೆ ಹೊಸ ಕೆಲಸ ಸಿಕ್ಕಿದೆ. ಇವತ್ತು ಬೆಳಿಗ್ಗೆ ನಿನ್ನ ಅಳಿಯ ಒಂದು ಏರ್ಪಾಡು ಮಾಡಿದ. ವ್ಯಾನಿನ ಮೇಲೆ ಏಣಿ ಕಟ್ಟುವ ಕಂಬಿ ಇದೆಯಲ್ಲ, ಅದು ನೀರಿನಿಂದಲೂ ಕಾಣುತ್ತದೆ. "ಕೆಂಪು ಕಟ್ಟಿದ್ರೆ ತಕ್ಷಣ ಬಾ. ಕಟ್ಟಿಲ್ಲ ಅಂದ್ರೆ ಅವಳು ಚೆನ್ನಾಗಿದ್ದಾಳೆ, ನೀನು ಆರಾಮಾಗಿರು. ಸುಲಭ ಅಲ್ವಾ? ನಮ್ಮ ಮಿಷಿನ್‌ಗಳಲ್ಲೂ ಹೀಗೇ, ಕೆಂಪು ದೀಪ ಹತ್ತಿದ್ರೆ ಮಾತ್ರ ತಲೆ ಕೆಡಿಸಿಕೋಬೇಕು."

"ನೀನು ನೋಡದೇ ಇದ್ದರೆ? ನಿನಗೆ ನಿದ್ದೆ ಬಂದರೆ?"

"ನನಗೆ ನಿದ್ದೆ ಬಂದ್ರೆ ಕತ್ತರಿ ಇರ್ತಾನೆ. ಅವನ ಬಾಯಿ ಇರೋ ಕಡೆ ಯಾರಿಗೆ ನಿದ್ದೆ ಬರುತ್ತೆ?"

"ಅತ್ತಿಗೆ, ಅಂಗಡೀಲಿ ಜನ ಕುತ್ತಿಗೇನೇ ನನ್ನ ಕೈಗೆ ಕೊಡ್ತಾರೆ. ನೀವು ಕೂಸನ್ನ ಒಂದು ಗಳಿಗೆ ಕೊಡಲ್ವಾ?" ಎಂದ ಕತ್ತರಿ.

ನಾಳೆ ಇಳಿಯುತ್ತೇನೆ ಎಂದಿದ್ದೇನೆ. ಗಾಳಿ ಜೋರಾಯಿತು, ಕಾಗದ ಹಾರುತ್ತಿದೆ. ಉಳಿದದ್ದು ನಾಳೆ.

ಶುಕ್ರವಾರ, ಸಂಜೆಯ ಮೊದಲು

ಅಮ್ಮ, ಅಕ್ಷರ ಓರೆಯಾಗಿದ್ದರೆ ಗಾಬರಿಯಾಗಬೇಡ. ಕಾಲು ಮೇಲೆತ್ತಿ ದಿಂಬಿನ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ. ಡುಮ್ಮಿಗೆ ಏನೂ ಆಗಿಲ್ಲ. ಆಗಿದ್ದೆಲ್ಲ ನನಗೇ, ಅದೂ ಅಂಗಾಲಿಗೆ ಮಾತ್ರ.

ಬೆಳಿಗ್ಗೆ ಹಾಲು ಕುಡಿಸಿ, ಅವಳನ್ನು ಇವನ ತೊಡೆಯ ಮೇಲೆ ಕೂರಿಸಿ ಹೊರಟೆ. ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ಕತ್ತರಿಯ ಬಾಚಣಿಗೆ ಕಚ್ಚುತ್ತಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ನೀರಿಗಿಳಿದು, ಕೈಯಿಂದ ನೀರು ತಳ್ಳುತ್ತಾ ಆ ನೆಲದ ಮೂಗಿನ ತುದಿಯವರೆಗೆ ಹೋಗುವಷ್ಟರಲ್ಲಿ ವ್ಯಾನಿನ ಕಡೆ ತಿರುಗಿ ತಿರುಗಿ ನನ್ನ ಕುತ್ತಿಗೆ ನೋಯುತ್ತಿತ್ತು. ಕಂಬಿ ಖಾಲಿ. ಮತ್ತೆ ನೋಡಿದೆ, ಖಾಲಿ.

ಆಮೇಲೆ ಒಂದು ಅಲೆ ಬಂತು. ದೊಡ್ಡದೇನಲ್ಲ, ನನ್ನ ಎದೆಯವರೆಗೆ ಬರುವಂಥದ್ದು. ಎದ್ದು ನಿಂತುಬಿಟ್ಟೆ ಅಮ್ಮ! ಹೆರಿಗೆಯಾದ ಮೇಲೆ ಸೊಂಟ ಯಾರದ್ದೋ ಆಗಿತ್ತಲ್ಲ, ಅದು ತಟ್ಟನೆ ನನ್ನದಾಯಿತು. ಒಂದು ಕಡೆ ನೀರಿನ ಗೋಡೆ, ಇನ್ನೊಂದು ಕಡೆ ಕಂದು ಬಂಡೆಗಳು ಓಡುತ್ತಿವೆ. ವ್ಯಾನು ಬಂತು, ದಾಟಿತು, ಹಿಂದೆ ಹೋಯಿತು. ಅದು ದಾಟಿದ್ದು ಗೊತ್ತಾಗಿದ್ದೇ ದಾಟಿದ ಮೇಲೆ. ಕೊಲ್ಲಿಯ ಕೊನೆಯಲ್ಲಿ ಅಲೆ ಮೆತ್ತಗಾಗಿ ನನ್ನನ್ನು ಇಳಿಸಿತು.

ಕೂಡಲೇ ದಡಕ್ಕೆ ಹೋಗಿ ನಡೆಯಬೇಕಿತ್ತು. ಹೋಗಲಿಲ್ಲ. ಬೋರ್ಡಿನ ಮೇಲೆ ಕಾಲು ಇಳಿಬಿಟ್ಟು ಕೂತೆ, ದಡಕ್ಕೆ ಬೆನ್ನು ಹಾಕಿ. ಇಷ್ಟು ತಿಂಗಳಿಂದ ಹಗಲೂ ರಾತ್ರಿ ನಿಗುರಿಕೊಂಡೇ ಇದ್ದ ಕಿವಿಗೆ ಅಲ್ಲಿ ಕೇಳಿಸಿಕೊಳ್ಳುವುದಕ್ಕೆ ಏನೂ ಇರಲಿಲ್ಲ. ನೀರು ಬೆಚ್ಚಗಿತ್ತು. ಇಲ್ಲೇ ಇದ್ದುಬಿಡೋಣ ಅನ್ನಿಸಿತು. ತಪ್ಪು ತಿಳಿಯಬೇಡ, ಸಾಯುವ ಯೋಚನೆಯಲ್ಲ, ಅಂಥದ್ದೇನೂ ಅಲ್ಲ. ಸುಮ್ಮನೆ ಯಾರ ಅಮ್ಮನೂ ಅಲ್ಲದೆ, ಯಾರ ಹೆಂಡತಿಯೂ ಅಲ್ಲದೆ, ಹೀಗೇ ತೇಲುತ್ತಾ. ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ. ಡುಮ್ಮಿ ನೆನಪಾಗಲಿಲ್ಲ ಅಮ್ಮ. ಒಂದು ಸಲವೂ ಆಗಲಿಲ್ಲ.

ಬೆನ್ನು ಸುಡತೊಡಗಿದಾಗ ತಿರುಗಿದೆ. ವ್ಯಾನು ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ಅದರ ಮೇಲೆ ಕೆಂಪು.

ಹೇಗೆ ಬಂದೆ ಎಂದು ಕೇಳಬೇಡ. ಸುತ್ತು ಹಾಕಿದರೆ ಮರಳಿನ ದಡವಿದೆ, ಅಲ್ಲಿಂದ ಹತ್ತುವುದು ಇಲ್ಲಿನವರ ಕ್ರಮ. ನಾನು ನೇರವಾಗಿ ಬಂಡೆಗಳ ಮೇಲೇ ಹತ್ತಿದೆ. ಬಂಡೆಗೆ ಅಂಟಿಕೊಂಡು ಕರಿ ಮುಳ್ಳಿನ ಉಂಡೆಯಂಥ ಜೀವಿಗಳಿವೆ, ಅವುಗಳ ಮೇಲೇ ಕಾಲಿಟ್ಟು ಓಡಿದ್ದೇನೆ, ಚುಚ್ಚಿದ್ದು ಗೊತ್ತೇ ಆಗಲಿಲ್ಲ. ಬೋರ್ಡು ಕಾಲಿಗೆ ಕಟ್ಟಿದ ಹಗ್ಗದಲ್ಲಿ ನೇತುಬಿದ್ದು ಹಿಂದೆ ಹಿಂದೆ ದಡಬಡ ಎಂದು ಬರುತ್ತಿತ್ತು. ವ್ಯಾನು ಮುಟ್ಟಿದಾಗ ನೋಡಿದ್ದೇನು? ಇವಳು ಮುಖಕ್ಕೆಲ್ಲ ಆಲೂಗಡ್ಡೆ ಮೆತ್ತಿಕೊಂಡು, ಖಾಲಿ ಬಕೆಟ್ಟನ್ನು ಚಮಚದಿಂದ ಬಡಿಯುತ್ತಾ ಕೂತಿದ್ದಾಳೆ.

"ಯಾಕೆ, ಇಷ್ಟು ಬೇಗ ಬಂದೆ?" ಎಂದ ನಿನ್ನ ಅಳಿಯ.

ಕಂಬಿಯ ಕಡೆ ಕೈ ತೋರಿಸಿದೆ. ತಿರುಗಿ ನೋಡಿ, ಬಾಯಿ ತೆರೆದವನು ಮುಚ್ಚಲಿಲ್ಲ.

"ಅಯ್ಯೋ... ಅದು ಒಗೆದು ಹಾಕಿದ್ದು ಕಣೇ. ಅವಳು ವಾಂತಿ ಮಾಡ್ಕೊಂಡ್ಳು. ಮರಳು ತಾಗದ ಜಾಗ ಅದೊಂದೇ ಇತ್ತು, ಒಣಗಲಿ ಅಂತ..."

"ಲೋ, ನಿಯಮ ಮಾಡಿದವನೂ ನೀನೇ, ಮರೆತವನೂ ನೀನೇ!" ಎಂದು ಕತ್ತರಿ ಹಣೆ ಚಚ್ಚಿಕೊಂಡ. ಆಮೇಲೆ ನನ್ನ ಕಡೆ ತಿರುಗಿ, "ಅತ್ತಿಗೆ, ಇವನು ಹುಟ್ಟಿದಾಗಿಂದ ಬಟ್ಟೆ ಒಗೆದಿದ್ದು ಇದೇ ಮೊದಲು. ಅದಕ್ಕೆ ನೀವು ಹೀಗೆ ಕಿರುಚಿಕೊಂಡು ಓಡಿ ಬಂದ್ರೆ ಇನ್ನೊಂದ್ಸಲ ಒಗೀತಾನಾ?"

ನಾನು ಬಾಯಿಗೆ ಬಂದಂತೆ ಬೈದೆ. ಇಬ್ಬರಿಗೂ ಸೇರಿಸಿ ಬೈದೆ, ಆಲೂಗಡ್ಡೆಗೂ ಬೈದೆ. ಬೈಯುತ್ತಲೇ ಅಳು ಬಂತು. ಇವನು "ತಪ್ಪಾಯ್ತು, ತಪ್ಪಾಯ್ತು" ಎಂದು ಬೆನ್ನು ಸವರುತ್ತಿದ್ದ. ತಾನು ಮಾಡಿದ್ದಕ್ಕೆ ಅಳುತ್ತಿದ್ದೇನೆ ಎಂದುಕೊಂಡಿದ್ದಾನೆ, ಪಾಪ. ಬೆನ್ನು ಹಾಕಿ ಕೂತಿದ್ದ ಆ ಹೊತ್ತಿನ ವಿಷಯ ಅವನಿಗೆ ಹೇಳಿಲ್ಲ. ನಿನಗೆ ಮಾತ್ರ ಹೇಳುತ್ತಿದ್ದೇನೆ.

ಆಮೇಲೆ ನೆಲದ ಮೇಲೆ ರಕ್ತದ ಹೆಜ್ಜೆಗಳನ್ನು ನೋಡಿ ಎಲ್ಲರಿಗೂ ಗಾಬರಿ. ನನ್ನನ್ನು ವ್ಯಾನಿನೊಳಗೆ ಮಲಗಿಸಿ, ಕಾಲು ಹಿಂಬಾಗಿಲಿನಿಂದ ಆಚೆ ಚಾಚುವಂತೆ ಮಾಡಿ, ಕತ್ತರಿ ತನ್ನ ಚಿಮಟ ತೆಗೆದುಕೊಂಡು ಮುಳ್ಳು ಕೀಳಲು ಕೂತ. ಡುಮ್ಮಿಯನ್ನು ನನ್ನ ಪಕ್ಕದಲ್ಲಿ ಮಲಗಿಸಲಿಲ್ಲ. "ನನ್ನ ಹತ್ತಿರ ಇರ್ತಾಳೆ ಬಿಡು" ಎಂದು ಇವನು ಎತ್ತಿಕೊಂಡು ಹೋದ. ಬೇಡ ಎನ್ನಲು ಬಾಯಿ ತೆರೆದದ್ದು ನೆನಪಿದೆ. ಅಷ್ಟೇ ನೆನಪು.

ನಿದ್ದೆ ಹೋದೆ ಅಮ್ಮ! ಚಿಮಟ ಅಂಗಾಲಿನಲ್ಲಿದ್ದಾಗಲೇ! "ಕಟಿಂಗ್ ಮಾಡುವಾಗ ಗೊರಕೆ ಹೊಡೆಯೋರನ್ನ ನೋಡಿದ್ದೀನಿ, ಮುಳ್ಳು ಕೀಳುವಾಗ ಗೊರಕೆ ಹೊಡೆದವರು ನೀವೇ ಮೊದಲು" ಎಂದ ಕತ್ತರಿ. ಹಾಲು ತುಂಬಿ ರವಿಕೆ ಒದ್ದೆಯಾದಾಗಲೇ ಎಚ್ಚರ. ಬಿಸಿಲು ಆಗಲೇ ಸಮುದ್ರದ ಕಡೆಗೆ ಇಳಿದಿತ್ತು. ಮೂಗಿನ ಕೆಳಗೆ ಬೆರಳಿಡುವವರಿಲ್ಲದೆಯೂ ನಿನ್ನ ಮೊಮ್ಮಗಳು ಮಧ್ಯಾಹ್ನವಿಡೀ ಉಸಿರಾಡಿದ್ದಳು.

ಭಾನುವಾರ, ಮಧ್ಯಾಹ್ನ

ದೂರದಲ್ಲಿ ಧೂಳು ಏಳುತ್ತಿದೆ, ಟ್ಯಾಂಕರ್ ಇರಬೇಕು. ಬೇಗ ಬೇಗ ಬರೆಯುತ್ತೇನೆ.

ನಿನ್ನೆ ಕಾಲಿಗೆ ವಿಶ್ರಾಂತಿ. ಇವತ್ತು ಬೆಳಿಗ್ಗೆ ಕತ್ತರಿ ತನ್ನ ಬೋರ್ಡಿನ ಟೇಪನ್ನೇ ನನ್ನ ಅಂಗಾಲಿಗೂ ಸುತ್ತಿ, "ಈಗ ನೀವೂ ಅದೂ ಅಕ್ಕ ತಂಗಿ" ಎಂದ. ನಾನು ನೀರಿಗೆ ಹೊರಟಾಗ ನಿನ್ನ ಅಳಿಯ ಹೊದಿಕೆಯನ್ನು ಮಡಿಚಿ ಕೈಯಲ್ಲಿ ಹಿಡಿದುಕೊಂಡು, "ಈ ಸಲ ನಿಜವಾಗಿ ಬೇಕಾದಾಗ ಮಾತ್ರ ಕಟ್ತೀನಿ, ಆಣೆ" ಎಂದ.

"ಕಟ್ಟಲೇಬೇಡ" ಎಂದೆ. "ಅವಳಿಗೇ ಹೊದಿಸು."

"ಹಾಗಾದ್ರೆ ನಿನಗೆ ಹೇಗೆ ಗೊತ್ತಾಗುತ್ತೆ?"

"ಗೊತ್ತಾಗಲ್ಲ. ಕರೀದೇ ಇದ್ರೂ ಬರ್ತೀನಿ."

ಹೇಳಿದ್ದೇನೋ ದೊಡ್ಡದಾಗಿ ಹೇಳಿದೆ. ನೀರಿನಲ್ಲಿ ಅಭ್ಯಾಸಬಲದಿಂದ ಕಂಬಿಯ ಕಡೆ ನೋಡುತ್ತಲೇ ಇದ್ದೆ, ನೋಡುವುದಕ್ಕೆ ಏನೂ ಇಲ್ಲ ಎಂದು ಆಮೇಲೆ ನೆನಪಾಗುತ್ತಿತ್ತು. ಒಂದು ಅಲೆ ಹಿಡಿದೆ. ಕೊಲ್ಲಿಯ ಕೊನೆ ಮುಟ್ಟಿದೆ. ಅಲ್ಲಿ ಮತ್ತೆ ಆ ಬೆಚ್ಚಗಿನ ನೀರು. ಸ್ವಲ್ಪ ಹೊತ್ತು ಕೂತೆ, ಬೆನ್ನು ಹಾಕಿಯೇ ಕೂತೆ. ಆಮೇಲೆ ಸುತ್ತು ಹಾಕಿ ಮರಳಿನ ದಡ ಹತ್ತಿ, ಬೋರ್ಡನ್ನು ಕಂಕುಳಲ್ಲಿಟ್ಟುಕೊಂಡು ನಡೆದೆ. ಓಡಲಿಲ್ಲ. ಡುಮ್ಮಿ ವ್ಯಾನಿನ ನೆರಳಿನಲ್ಲಿ ಕೆಂಪು ಹೊದಿಕೆಯ ಮೇಲೆ ಕೂತಿದ್ದಳು. ನಿಜ ಅಮ್ಮ, ಅದು ತುಂಬಾ ದೂರಕ್ಕೂ ಕಾಣುತ್ತದೆ. ನನ್ನನ್ನು ಕಂಡು ಎರಡೂ ಕೈ ಎತ್ತಿದಳು.

ನಿದ್ದೆ ಪೂರ್ತಿ ಬಂದಿದೆ ಎಂದರೆ ಸುಳ್ಳಾಗುತ್ತದೆ. ಬೆರಳು ಈಗಲೂ ಅವಳ ಮೂಗಿನ ಕೆಳಗೆ ಹೋಗುತ್ತದೆ. ಆದರೆ ಒಂದು ಸಲ ನೋಡಿ ಸಾಕು ಮಾಡುತ್ತೇನೆ. ನಿನ್ನ ಅಳಿಯ ಎರಡು ದಿನದಿಂದ ಸಿಕ್ಕ ಬಟ್ಟೆಯನ್ನೆಲ್ಲ ಒಗೆದು ನೆಲದ ಮೇಲೇ ಒಣಹಾಕುತ್ತಿದ್ದಾನೆ, ಎಲ್ಲದರಲ್ಲೂ ಮರಳು.

ಬರುವ ವಾರ ಹೊರಡುತ್ತೇವೆ. ಅಪ್ಪನಿಗೆ ನಮಸ್ಕಾರ ಹೇಳು. ಮೊಣಕಾಲಿಗೆ ಎಣ್ಣೆ ಹಚ್ಚಿಕೋ. ನಮ್ಮ ಮೂವರ ಮೇಲೆ ನಿನ್ನ ಆಶೀರ್ವಾದ ಇರಲಿ, ಇಲ್ಲಿಯವರೆಗೂ ಮುಟ್ಟುವಷ್ಟು ಇರಲಿ. ಡುಮ್ಮಿಗೆ ಇನ್ನೂ ನಮಸ್ಕಾರ ಮಾಡುವ ವಯಸ್ಸಲ್ಲ, ಆದರೂ ಈ ಹಾಳೆಯ ಮೂಲೆಯನ್ನು ಚೀಪಿದ್ದಾಳೆ. ಅದನ್ನೇ ಅವಳ ಕಡೆಯಿಂದ ಎಂದುಕೋ.

ನಿನ್ನ ಪ್ರೀತಿಯ,
ಮಗಳು

ಮರೆತಿದ್ದು: ಮರೆತಿದ್ದಲ್ಲ, ಅಮ್ಮ. ಮೊದಲ ಸಾಲಿನಿಂದಲೂ ಇದನ್ನೇ ಬರೆಯಬೇಕೆಂದಿದ್ದೆ. ನಾನು ಚಿಕ್ಕವಳಿದ್ದಾಗ ಒಂದು ಬೇಸಿಗೆಯಿಡೀ ನೀನು ಮನೆಯಲ್ಲಿರಲಿಲ್ಲ. ಹೊಲಿಗೆ ಕಲಿಯಲು ಬೇರೆ ಊರಿಗೆ ಹೋಗಿದ್ದಾಳೆ ಎಂದು ಅಜ್ಜಿ ಹೇಳುತ್ತಿದ್ದಳು. ಬಂದ ಮೇಲೆ ನೀನೂ ಅದನ್ನೇ ಹೇಳಿದೆ. ಆದರೆ ನನ್ನ ಹತ್ತಿರ ಒಂದು ಕೆಂಪು ಫ್ರಾಕು ಇತ್ತು, ಹೋಗುವುದಕ್ಕೆ ಮೊದಲೇ ನೀನು ಹೊಲಿದುಕೊಟ್ಟಿದ್ದು. ಅಷ್ಟು ಚೆನ್ನಾಗಿ ಹೊಲಿಯಲು ಬರುವವಳು ಏನು ಕಲಿಯಲು ಹೋಗಿದ್ದಳು ಎಂದು ನಾನು ಯಾವತ್ತೂ ಕೇಳಲಿಲ್ಲ. ಈಗಲೂ ಕೇಳುವುದಿಲ್ಲ. ದಡಕ್ಕೆ ಬೆನ್ನು ಹಾಕಿ ಕೂರುವುದು ಏನೆಂದು ನನಗೆ ಈಗ ಗೊತ್ತು. ಆ ಬೇಸಿಗೆ ನಾನು ಪ್ರತಿದಿನ ಆ ಫ್ರಾಕನ್ನು ಬಾಲ್ಕನಿಯ ಕಂಬಿಗೆ ಕಟ್ಟುತ್ತಿದ್ದೆ, ಕೆಂಪು ದೂರಕ್ಕೂ ಕಾಣುತ್ತೆ ಎಂದು ನೀನೇ ಹೇಳಿದ್ದೆಯಲ್ಲ. ಅಜ್ಜಿ ಬಿಚ್ಚಿ ಒಳಗಿಡುತ್ತಿದ್ದಳು, ನಾನು ಮತ್ತೆ ಕಟ್ಟುತ್ತಿದ್ದೆ. ಕೊನೆಗೆ ಕಟ್ಟುವುದನ್ನು ಬಿಟ್ಟೆ. ಬಿಟ್ಟ ಮೇಲೆ ಒಂದು ದಿನ ನೀನು ಬಂದೆ, ಯಾರೂ ಕರೆಯದೆ. ಅದಕ್ಕೆ ನಿನ್ನ ಮೇಲೆ ನನಗೆ ಕೋಪವಿಲ್ಲ. ಒಂದನ್ನು ಮಾತ್ರ ಹೇಳು, ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡಿದ್ದೇನೆ. ಆ ಬೇಸಿಗೆ ಒಂದು ಸಲವಾದರೂ ನಮ್ಮ ಬೀದಿಯ ಹತ್ತಿರ ಬಂದಿದ್ದೆಯಾ? ಫ್ರಾಕು ಕಾಣುತ್ತಿತ್ತೇ ಅಮ್ಮ?